ಕಾಕಾನ ಸ್ಪೀಕರಿನಲ್ಲಿ ಬಳೆಯ ಸದ್ದು

ಮಾಳಮಡ್ಡಿಯ ನಮ್ಮ ಕಾಕಾ ಮನುಷ್ಯರ ಮುಖ ಮರೆತಾರು, ಸ್ಪೀಕರಿನ ಬೆನ್ನು ಮರೆಯಲಾರರು! ಮದುವೆಮನೆಯಲ್ಲಿ ಸ್ವಂತ ಅಳಿಯನನ್ನೇ "ನೀವು ಯಾರ ಪೈಕಿ?" ಎಂದು ಕೇಳಿದವರು, ಅದೇ ಮನೆಯ ಅಟ್ಟದಲ್ಲಿ ಹಳೆಯ ಸ್ಪೀಕರ್ ಕಂಡಿದ್ದೇ ತಡ, ಅದರ ವಂಶಾವಳಿ ಒಪ್ಪಿಸಿಬಿಟ್ಟರು. ಒಂದೇ ಹೆಸರಿನ ಸ್ಪೀಕರಿಗೆ ಮೂರು ಅವತಾರಗಳಂತೆ. ಮೊದಲನೆಯದರ ಒಳಗಿನ ಕಾಗದದ ಕೋನಿಗೆ ಬಟ್ಟೆಯ ಅಂಚು, ಎರಡನೆಯದಕ್ಕೆ ರಬ್ಬರಿನದು, ಮೂರನೆಯದಕ್ಕೆ ಸ್ಪಂಜಿನದು. ಆ ಮೂರನೆಯದನ್ನು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಕೆಳಗೆ ಎಲೆ ಹಾಕಿ ಬಡಿಸಿದರೂ ಕಾಕಾ ಇಳಿದು ಬರಲಿಲ್ಲ!

"ನಿಮ್ಮ ಕಾಕಾಗ ನನ್ನ ವಯಸ್ಸು ಕೇಳು, ಗೊತ್ತಿಲ್ಲ. ಆ ಡಬ್ಬೀದು ಕೇಳು, ಜನ್ಮನಕ್ಷತ್ರನೂ ಹೇಳ್ತಾರ" ಎಂದು ಅವರ ಹೆಂಡತಿ, ನಮ್ಮ ಕಾಕು, ಛೇಡಿಸುತ್ತಿದ್ದರು.

"ನಿನ್ನ ಬೆನ್ನಮ್ಯಾಲೂ ಲೇಬಲ್ ಹಚ್ಚಿದ್ರ ಹೇಳ್ತಿದ್ದೆ ಬಿಡು!"

ಆ ಕಾಕು ಈಗಿಲ್ಲ. ಉಳಿದದ್ದು ಒಂದು ಕ್ಯಾಸೆಟ್ಟು. ಯಾವತ್ತೋ ಬೆಳಿಗ್ಗೆ ಕಾಕು ತಂಬೂರಿ ಹಿಡಿದು ಹಾಡಲು ಕೂತಾಗ ಕಾಕಾ ಧ್ವನಿಮುದ್ರಿಸಿಕೊಂಡದ್ದು. ಹಾಡಿನ ನಡುನಡುವೆ ಅವರ ಗಾಜಿನ ಬಳೆಗಳು ತಂಬೂರಿಗೆ ತಾಗಿ ಕಿಣಿಕಿಣಿ ಎನ್ನುತ್ತವೆ. ಯಾವ ಸ್ಪೀಕರ್ ಮನೆಗೆ ಬಂದರೂ ಅದಕ್ಕೆ ಪರೀಕ್ಷೆ ಇದೇ.

ಕಾಕು ಹೋದ ಮೇಲೆ ಒಂದು ದಿನ ಕಾಕಾ ಕ್ಯಾಸೆಟ್ಟು ಹಚ್ಚಿ ಗಾಬರಿಯಾದರು. "ಬಳಿ ಎಲ್ಲೆ ಹೋದವೋ?"

ಶುರುವಾಯಿತು ನೋಡಿ! ಸಣ್ಣ ಸದ್ದು ಹೊರಡಿಸುವ ಟ್ವೀಟರ್ ಬದಲಾಯಿತು. ಕೆಪ್ಯಾಸಿಟರ್ ಬದಲಾಯಿತು. ವೈರೂ ಬದಲಾಯಿತು. ಕೊನೆಗೆ, ತಮ್ಮಲ್ಲಿರುವುದು ಎರಡನೇ ಅವತಾರ, ಅದಕ್ಕೇ ಈ ಗತಿ ಎಂದು ತೀರ್ಮಾನಿಸಿ, ಹುಬ್ಬಳ್ಳಿಯಿಂದ ಮೊದಲನೇ ಅವತಾರವನ್ನು ನನ್ನನ್ನೂ ಕರೆದುಕೊಂಡು ಹೋಗಿ ಟೆಂಪೋದಲ್ಲಿ ತಂದರು. ಹಿಂದೆ ಸ್ಪೀಕರುಗಳಿಗೆ ಹಾಸಿಗೆ, ಪಕ್ಕದಲ್ಲಿ ಕೂತ ನನಗೆ ಬರೀ ತಗಡು! ತಗ್ಗು ಬಂದಾಗಲೆಲ್ಲ ಕಾಕಾ ಮುಂದಿನಿಂದ ಕೂಗುವರು: "ಹಗೂರಕ ಹೊಡೀರಿ, ಹಿಂದ ವಯಸ್ಸಾದವ್ರು ಇದ್ದಾರ!" ಡ್ರೈವರ್ ತಿರುಗಿ ನನ್ನನ್ನು ನೋಡಿದ.

ಮನೆಗೆ ತಂದು ಹಚ್ಚಿದರು. ಕಾಕಾ ಕಣ್ಣು ಮುಚ್ಚಿ ಕೇಳಿದರು. ಮುಖ ಬಾಡಿತು.

"ಇದರಾಗೂ ಇಲ್ಲ. ಮುತ್ತೈದಿಯಾಗಿ ಹೋದಾಕಿ, ಬರಿಗೈಲೆ ಹಾಡ್ತಾಳೇನು?"

ಆದರೆ ನನಗೆ ಬಳೆ ಕೇಳಿಸುತ್ತಿತ್ತು. ಇದರಲ್ಲೂ, ಹಳೆಯದರಲ್ಲೂ, ಟ್ವೀಟರ್ ಬದಲಾಯಿಸುವ ಮೊದಲೂ. ಅವರಿಗೆ ಹೇಳಲು ಮನಸ್ಸು ಬಂದಿರಲಿಲ್ಲ, ಅಷ್ಟೇ.

"ಕಾಕಾ, ಒಂದಿಷ್ಟು ಕಿವಿ ತೋರಿಸ್ಕೊಂಡು ಬರೂಣು" ಎಂದೆ. ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ಇಷ್ಟು ಡಬ್ಬಿ ಬಿಚ್ಚಿದವರಿಗೆ ಈ ಅನುಮಾನ ಒಮ್ಮೆಯೂ ಬಂದಿರಲಿಲ್ಲ!

ಡಾಕ್ಟರು ಪರೀಕ್ಷಿಸಿ, ವಯಸ್ಸಾದಂತೆ ಸಣ್ಣ ಸದ್ದುಗಳು ಮೊದಲು ಹೋಗುತ್ತವೆ, ಕಿವಿಗೆ ಯಂತ್ರ ಹಾಕಿದರೆ ಮಾತು ಕೇಳಲು ಅನುಕೂಲ ಆದೀತು, ಬಳೆಯ ಸದ್ದಿನ ಬಗ್ಗೆ ಖಾತ್ರಿ ಕೊಡಲಾರೆ ಎಂದರು.

"ಅಂದ್ರ ಕೆಟ್ಟದ್ದು ಡಬ್ಬಿ ಅಲ್ಲ" ಎಂದರು ಕಾಕಾ. ನಗಲು ನೋಡಿದರು, ಆಗಲಿಲ್ಲ.

ಮನೆಗೆ ಬಂದವರೇ ಬಿಚ್ಚಿಟ್ಟಿದ್ದ ಪೆಟ್ಟಿಗೆಗಳಿಗೆಲ್ಲ ಸ್ಕ್ರೂ ಬಿಗಿದು ಮುಚ್ಚಿದರು. ಆಮೇಲೆ ಕ್ಯಾಸೆಟ್ಟು ಹಚ್ಚಿ, ಸ್ಪೀಕರಿಗೆ ಬೆನ್ನು ಮಾಡಿ, ನನ್ನ ಮುಖ ನೋಡುತ್ತ ಕೂತರು.

"ಬಳಿ ಬಂದಾಗ ಹೇಳು."

ಕಾಕು ಹಾಡತೊಡಗಿದರು.

"ಈಗ" ಎಂದೆ. ಕಾಕಾ ತಲೆಯಾಡಿಸಿದರು. ಸ್ವಲ್ಪ ಹೊತ್ತಿಗೆ ಮತ್ತೆ "ಈಗ" ಎಂದೆ.

ಅವರು ಮುಂದೆ ಬಾಗಿ ಮೆಲ್ಲಗೆ ಕೇಳಿದರು: "ಕೈ ತುಂಬ ಅವ, ಹೌದಲ್ಲೊ?"

"ಹೌದು ಕಾಕಾ, ಕೈ ತುಂಬ ಅವ" ಎಂದೆ.