ಒಂದು ಚೀಟೀನೂ ಬಿಡಬೇಡಿ

ಫ್ಲಾಪಿಗೆ ಮೂವತ್ತೈದು ರೂಪಾಯಿ. ಪುಟಕ್ಕೆ ಎರಡರಂತೆ ಹತ್ತೊಂಬತ್ತು ಪುಟ ಟೈಪಿಗೆ ಮೂವತ್ತೆಂಟು. ಹುತ್ತೂರಿಂದ ಕೋಲಾರಕ್ಕೆ ಹೋಗಿಬರುವ ಬಸ್ಸಿಗೆ ಮೂರು, ಟೀಗೆ ಒಂದು. ಹೀಗೆ ಎಪ್ಪತ್ತೇಳು ರೂಪಾಯಿ ಸುರಿದು ಗಂಗುಲಪ್ಪ ಎಂಬತ್ತೇಳನೇ ಇಸವಿಯಲ್ಲಿ ಮನೆಯ ಕಾಗದಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿಸಿದ್ದ. “ಒಂದು ಚೀಟೀನೂ ಬಿಡಬೇಡಿ, ಕಾಸು ಕೊಡ್ತಿದ್ದೀನಿ,” ಎಂದು ಟೈಪಿಸ್ಟಿನ ತಲೆಯ ಮೇಲೇ ಕೂತು ಮಾಡಿಸಿದ್ದ. ಆಮೇಲೆ ಗೆದ್ದಲು ಮರದ ಪೆಟ್ಟಿಗೆಗೆ ನುಗ್ಗಿ ಆ ಕಾಗದಗಳನ್ನು ಮುಗಿಸಿದಾಗ, “ತಿನ್ನಲಿ ಬಿಡಿ, ಎಲ್ಲಾ ಫ್ಲಾಪಿಯಲ್ಲಿದೆ,” ಎಂದು ಬೀದಿಯಲ್ಲಿ ಎದೆಯುಬ್ಬಿಸಿ ಓಡಾಡಿದ.

ಮರುವರ್ಷ ರೇಷ್ಮೆ ಸೊಸೈಟಿಯಲ್ಲಿ ಅವನ ಗುಮಾಸ್ತಿಕೆಗೇ ಕುತ್ತು ಬಂತು. ಅಲ್ಲಿನ ಸಿಬ್ಬಂದಿ ರಿಜಿಸ್ಟರನ್ನೂ ಗೆದ್ದಲು ತಿಂದಿತ್ತು. ಅಧ್ಯಕ್ಷ ದೊಡ್ಡವೆಂಕಟಪ್ಪನವರು ಬೆಳಿಗ್ಗೆಯೇ ಗುಡುಗಿದರು: “ಐವತ್ತೆಂಟಾದೋರು ಮನೆಗೆ. ಸಂಜೆ ಐದರೊಳಗೆ ಹುಟ್ಟಿದ ದಾಖಲೆ ತನ್ನಿ. ಇಲ್ದೋರಿಗೆ ಡಾಕ್ಟರು ಹಲ್ಲು ನೋಡಿ ವಯಸ್ಸು ಬರೀತಾರೆ!”

ಗಂಗುಲಪ್ಪನ ಬಾಯಲ್ಲಿ ಉಳಿದಿದ್ದದ್ದು ಒಂಬತ್ತು ಹಲ್ಲು. ಸ್ಕೂಲ್ ಸರ್ಟಿಫಿಕೇಟಿನ ಪ್ರಕಾರ ಅವನಿಗೆ ಐವತ್ನಾಲ್ಕು; ಇನ್ನೂ ನಾಲ್ಕು ವರ್ಷ ಸರ್ವೀಸು. ಸರ್ಟಿಫಿಕೇಟು ಮಾತ್ರ ಗೆದ್ದಲಿನ ಹೊಟ್ಟೆಯಲ್ಲಿತ್ತು. ಮನೆಗೆ ಓಡಿದ. ಎಲ್ಲರ ಕೆಲಸದಲ್ಲೂ ಮೂಗು ತೂರಿಸುವ ಜೊತೆಗಾರ ಗುಮಾಸ್ತ ಚನ್ನರಾಯಪ್ಪನೂ ಹಿಂದೆಯೇ ಓಡಿದ.

“ಅಂಜಮ್ಮಾ, ಫ್ಲಾಪಿ ಎಲ್ಲೇ?”

“ಕಾಗದದ ತಂತಿಗೆ ಸಿಕ್ಕಿಸಿದ್ದೆ. ನಡುವೆ ತೂತು ಬಿಟ್ಟಿರೋದು ಮತ್ಯಾಕೆ?” ಎಂದಳು ಹೆಂಡತಿ. “ಪಕ್ಕದ್ಮನೆ ಮುನಿಗಂಗಕ್ಕ, ಹುಳ ಬೀಳುತ್ತೆ ಬಿಸಿಲಿಗೆ ಹಾಕು ಅಂದ್ರು. ಮೇಲೆ ಹಾಕಿದ್ದೀನಿ.”

ಮಾಳಿಗೆಯ ಮೇಲೆ, ಸಂಡಿಗೆಯ ನಡುವೆ, ಫ್ಲಾಪಿ ಹಪ್ಪಳದ ಹಾಗೆ ಅಂಚೆತ್ತಿ ಮಲಗಿತ್ತು. ಗಂಗುಲಪ್ಪ ಅದನ್ನು ಎತ್ತಿಕೊಳ್ಳುವಾಗ ಗೋಡೆಯಾಚೆಯಿಂದ ಮುನಿಗಂಗಕ್ಕ ಕೂಗಿದಳು: “ತಿರುವಿ ಹಾಕಪ್ಪಾ, ಆ ಮಗ್ಗುಲು ಇನ್ನೂ ಒಣಗಿಲ್ಲ!”

“ಇಸ್ತ್ರಿ ಹಾಕೋಣ ಕಣಣ್ಣಾ,” ಎಂದ ಚನ್ನರಾಯಪ್ಪ.

“ಮುಟ್ಟಿದ್ರೆ ಕೈ ಮುರೀತೀನಿ!”

ಫ್ಲಾಪಿಯನ್ನು ದಪ್ಪ ಲೆಡ್ಜರಿನೊಳಗಿಟ್ಟು, ಕೋಲಾರದವರೆಗೂ ಅದರ ಮೇಲೇ, ಮೊಟ್ಟೆಗೆ ಕಾವು ಕೊಡುವ ಕೋಳಿಯಂತೆ, ಕೂತು ಹೋದ. ಚಪ್ಪಲಿ ಬಿಟ್ಟು ಕಂಪ್ಯೂಟರಿನ ಕೋಣೆ ಹೊಕ್ಕ. ಯಂತ್ರ ಕರಕರ ಹಲ್ಲು ಕಡಿಯಿತು. ಗಂಗುಲಪ್ಪ ಒಂದು ತೆಂಗಿನಕಾಯಿ ಹರಕೆ ಹೊತ್ತ. ಎರಡಕ್ಕೆ ಏರಿಸುವಷ್ಟರಲ್ಲಿ ಪರದೆಯ ಮೇಲೆ ಅಕ್ಷರ ಮೂಡಿತು.

“ಯಾವ ಪುಟ ಬೇಕು ಸಾರ್?” ಟೈಪಿಸ್ಟಿನ ಪ್ರಶ್ನೆ.

“ಎಲ್ಲಾ! ಈ ದರಿದ್ರದ್ದು ಇನ್ನೊಂದ್ಸಲ ಬಾಯಿ ಬಿಡುತ್ತೋ ಇಲ್ವೋ. ಒಂದು ಚೀಟೀನೂ ಬಿಡಬೇಡಿ!”

ಐದಕ್ಕೆ ಹತ್ತು ನಿಮಿಷವಿರುವಾಗ ಸೊಸೈಟಿಯಲ್ಲಿ ಅಧ್ಯಕ್ಷರು ಮೊದಲ ಪುಟದ ಸ್ಕೂಲ್ ಸರ್ಟಿಫಿಕೇಟು ಓದಿದರು. “ಮೂವತ್ನಾಲ್ಕನೇ ಇಸವಿ. ಇನ್ನೂ ಹುಡುಗ ಕಣಯ್ಯ ನೀನು!” ಗಂಗುಲಪ್ಪ ಒಂಬತ್ತೂ ಹಲ್ಲು ತೋರಿಸಿದ.

ಪುಟಗಳು ಒಂದಕ್ಕೊಂದು ಅಂಟಿಕೊಂಡು ಸೀರೆಯಷ್ಟು ಉದ್ದವಿದ್ದವು. ಇನ್ನೊಂದು ತುದಿ ಹಿಡಿದು ಮಡಿಸುತ್ತಿದ್ದ ಚನ್ನರಾಯಪ್ಪ ಕಣ್ಣರಳಿಸಿದ. “ಅಣ್ಣಾ, ನಿನ್ನ ಜಾತಕಾನೂ ಬಂದೈತೆ! ಇಂಗ್ಲಿಷ್ ಅಕ್ಷರದಲ್ಲಿ... ಪ್ರ-ಮೋ-ದೂ-ತ ನಾಮ ಸಂವತ್ಸರ...”

ಅಧ್ಯಕ್ಷರು ಕನ್ನಡಕ ತೆಗೆದರು. “ಪ್ರಮೋದೂತಾನಾ? ನಾನೂ ಅದೇ ವರ್ಷದೋನು. ಮೊನ್ನೆ ಐವತ್ತೆಂಟು ತುಂಬ್ತು. ನಾಲ್ಕು ವರ್ಷ ಎಲ್ಲಿ ಬಿಟ್ಟೆ?”

“ಅದೂ... ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರು...”

“ನಾನು ಎಲೆಕ್ಷನ್ನಲ್ಲಿ ಗೆದ್ದೋನು, ನಂಗೆ ರಿಟೈರ್ಮೆಂಟಿಲ್ಲ. ನಿಂಗುಂಟು.”

ಎರಡನೇ ಸಲದ ಬಸ್ಸು, ಟೀ, ಪ್ರಿಂಟಿನ ಹತ್ತೊಂಬತ್ತು ಸೇರಿ ಖರ್ಚು ಸರಿಯಾಗಿ ನೂರು ರೂಪಾಯಿ. ಹೋದದ್ದು ನಾಲ್ಕು ವರ್ಷದ ಕೆಲಸ. ಉಳಿದದ್ದು ಫ್ಲಾಪಿ, ಅದರಲ್ಲಿ ಒಂದಕ್ಷರವೂ ಅಳಿಸಿರಲಿಲ್ಲ.