ನಾನು ನೋಡದ ಪಣಜಿಗೆ ಹದಿನೇಳು ಸೂಚನೆಗಳು

ಬೈಲಹೊಂಗಲದಿಂದ ಪಣಜಿಗೆ ಹೊರಟವರು ಮೊದಲು ನನ್ನ ಮನೆಗೆ ಬರುತ್ತಾರೆ, ಆಮೇಲೆ ಬಸ್ ನಿಲ್ದಾಣಕ್ಕೆ ಹೋಗುತ್ತಾರೆ. ಅಲ್ಲಿ ಏನಾದರೊಂದು ಎಡವಟ್ಟು ಮಾಡಿಕೊಂಡು ಮರಳಿ ಬಂದಾಗಲೂ ಮೊದಲು ನನ್ನ ಮನೆಗೇ ಬರುತ್ತಾರೆ. ವರ್ಷಗಟ್ಟಲೆ ಹೀಗೇ ನಡೆದಿದೆ. ಇದು ಶುರುವಾದ ದಿನ ಮಾತ್ರ ನಗುವ ದಿನವಾಗಿರಲಿಲ್ಲ.

ತೊಂಬತ್ತರ ದಶಕದ ಒಂದು ದಸರೆಯ ರಜೆ, ಬುಧವಾರ. ನಾನು ಪ್ರಾಥಮಿಕ ಶಾಲೆಯ ಶಿಕ್ಷಕ. ನಮಗೆ ಮಕ್ಕಳಿರಲಿಲ್ಲ. ಮದುವೆಯಾಗಿ ಹದಿನಾಲ್ಕು ವರ್ಷಗಳಲ್ಲಿ ನಾನು ಹೆಂಡತಿಯನ್ನು ಕರೆದುಕೊಂಡು ಹೋದ ಅತಿ ದೂರದ ಊರು ರಾಮದುರ್ಗ, ಅದೂ ಯಾರದೋ ಸೀಮಂತದ ಕುಬಸಕ್ಕೆ. ಅವಳು ಒಂದು ಕ್ಯಾಲೆಂಡರಿನಲ್ಲಿ ಪಣಜಿಯ ಚಿತ್ರ ನೋಡಿದ್ದಳು. "ನೋಡ್ರಿ, ಹೊಳಿ ಎಷ್ಟ ಅಗಲ ಐತಿ. ದಂಡಿ ಮ್ಯಾಲ ಮಂದಿ ಹೆಂಗ ನಿಶ್ಚಿಂತಿಲೆ ಕುಂತಾರ" ಅಂದಿದ್ದಳು. ಆ ಮಾತಿನ ಮೇಲೆ ನಾನು ಮೂರು ತಿಂಗಳು ತಯಾರಿ ನಡೆಸಿದೆ. ಲಾರಿ ಚಾಲಕರನ್ನು, ಬಟ್ಟೆ ವ್ಯಾಪಾರಿಗಳನ್ನು, ಅಲ್ಲಿ ಕಟ್ಟಡದ ಗೌಂಡಿ ಕೆಲಸಕ್ಕೆ ಹೋಗಿ ಬಂದವರನ್ನು ಕೇಳಿ, ನೂರು ಪುಟದ ನೋಟುಪುಸ್ತಕದಲ್ಲಿ ಸಂಖ್ಯೆ ಹಾಕಿ ಹನ್ನೊಂದು ಸೂಚನೆ ಬರೆದುಕೊಂಡೆ. ಶುಕ್ರವಾರ ಹೊರಡುವುದಿತ್ತು.

ಬುಧವಾರ ಬೆಳಿಗ್ಗೆ ಅವಳು ದಾರಿಯ ಬುತ್ತಿಗೆ ಹಿಂಡಿ, ಅಂದರೆ ಚಟ್ನಿಪುಡಿ, ಮಾಡಲೆಂದು ಶೇಂಗಾ ಹುರಿಯುತ್ತಿದ್ದಳು. "ಶೇಂಗಾ ಹಿಂಡಿ ಒಂದ ಡಬ್ಬಿ ಸಾಕೋ, ಎರಡ ಬೇಕೋ?" ಅಂತ ಕೇಳಿದಳು. ಬಂದು ಹೇಳುತ್ತೇನೆ ಎಂದು ನಾನು ಬಸ್ಸಿನ ವೇಳೆ ಖಾತ್ರಿ ಮಾಡಿಕೊಳ್ಳಲು ನಿಲ್ದಾಣಕ್ಕೆ ಹೋದೆ. ಹನ್ನೊಂದು ನಲವತ್ತಕ್ಕೆ ಮರಳಿದೆ. ಅವಳು ಒಲೆಯ ಪಕ್ಕ ಮಲಗಿದ್ದಳು. ಒಲೆ ಆರಿಸಿದ್ದಳು. ಡಾಕ್ಟರು ಬಂದು ಹೃದಯ ನಿಂತಿದೆ ಅಂದರು.

ಎರಡು ವಾರವಾದ ಮೇಲೆ, ಮಾತಾಡಿಸಲು ಬಂದ ನಮ್ಮ ಶಾಲೆಯ ಗಣಿತದ ಶಿಕ್ಷಕರು ಮೇಜಿನ ಮೇಲಿದ್ದ ನೋಟುಪುಸ್ತಕ ತಿರುವಿದರು. ಅವರ ಷಡ್ಡಕರು ಪಣಜಿಗೆ ಹೊರಟಿದ್ದರಂತೆ. ಪುಸ್ತಕ ಕೊಡಲು ಮನಸ್ಸಾಗಲಿಲ್ಲ. ಸೂಚನೆಗಳನ್ನು ಹಾಳೆಯ ಮೇಲೆ ನಕಲು ಮಾಡಿ ಕೊಟ್ಟೆ. ಹೋಗಿದ್ದಿರಾ ಎಂದು ಅವರು ಕೇಳಲಿಲ್ಲ, ಹೋಗಿಲ್ಲ ಎಂದು ನಾನು ಹೇಳಲಿಲ್ಲ. ಮರುದಿನ ಅವರು ಶಾಲೆಯಲ್ಲಿ, "ನಮ್ಮ ಮಾಸ್ತರ್ರು ಪಣಜಿ ಅರದ ಕುಡದಾರ" ಎಂದು ಸಾರಿದರು. ಅಂದಿನಿಂದ ನಾನು ಊರಿಗೆಲ್ಲ ಗೋವಾ ಮಾಸ್ತರ.

ಇಷ್ಟು ಜನಕ್ಕೆ ದಾರಿ ಹೇಳುವವನು ತಾನೇ ಯಾಕೆ ಹೋಗಲಿಲ್ಲ ಎಂದರೆ, ಅವಳ ಜೊತೆ ಮಾಡಬೇಕಾಗಿದ್ದ ಕೆಲಸ ಅದೊಂದೇ ಬಾಕಿ ಇತ್ತು. ಅದನ್ನೂ ಮಾಡಿ ಮುಗಿಸಿದರೆ ಆಮೇಲೆ ಏನೂ ಉಳಿಯುವುದಿಲ್ಲ. ಹಾಗಂತ ಮನೆಯಲ್ಲಿ ಸುಮ್ಮನೆ ಕೂಡಲೂ ಆಗುತ್ತಿರಲಿಲ್ಲ. ಯಾರು ಹೊರಟರೂ ಅವರು ಮರಳುವ ತನಕ ನನಗೆ ಅನ್ನ ಸೇರುತ್ತಿರಲಿಲ್ಲ. ನನ್ನ ಕಾಗದ ನಂಬಿ ಯಾರಾದರೂ ತಪ್ಪಿಸಿಕೊಂಡರೆ ಯಾರ ಮನೆಗೆ ಹೋಗಿ ಏನು ಹೇಳುವುದು? ಯಾರೂ ತಪ್ಪಿಸಿಕೊಳ್ಳಲಿಲ್ಲ. ಆದ ಅನಾಹುತಗಳೇ ಬೇರೆ.

ಸೂಚನೆ ೪: ತಿನ್ನುವ ಮೊದಲು ವಿಚಾರಿಸಿರಿ

ಅಲ್ಲಿ ಯಾವ ಪದಾರ್ಥದಲ್ಲಿ ಮೀನು ಇರುತ್ತದೋ ಹೇಳಲಾಗದು, ಕೇಳಿಯೇ ತಿನ್ನಬೇಕು ಎಂದು ಬರೆದಿದ್ದೆ. ಕಿತ್ತೂರಿನ ಒಬ್ಬ ಕಂಪೌಂಡರ್ ಹೆಂಡತಿ, ತಾಯಿ ಸಮೇತ ಹೋದರು. ಮೂವರೂ ಲಿಂಗ ಕಟ್ಟಿದವರು, ಮೀನಿನ ವಾಸನೆಗೇ ಮೂಗು ಮುಚ್ಚುವವರು. ಸೂಚನೆಯನ್ನು ಅಕ್ಷರಶಃ ಪಾಲಿಸಿದರು. ಪ್ರತಿ ಹೋಟೆಲಿನ ಬಾಗಿಲಲ್ಲಿ ನಿಂತು, ತಮಗೆ ಬರುವ ಹರಕು ಮುರುಕು ಮರಾಠಿಯಲ್ಲಿ, "ಮೀನು ಇದೆಯೇ?" ಎಂದು ಕೇಳಿದರು. ಇದೆ ಎಂದ ಕಡೆ ಕೈಮುಗಿದು ಮುಂದಕ್ಕೆ ಹೋದರು. ಖಾಲಿಯಾಗಿದೆ ಎಂದ ಕಡೆಯೂ, ಅಂದರೆ ಬೆಳಿಗ್ಗೆ ಇತ್ತು ಎಂದು ಲೆಕ್ಕ ಹಾಕಿ, ಮುಂದಕ್ಕೆ ಹೋದರು.

ಬಿಸಿಲು ಏರಿತು. ಒಂದೇ ಬೀದಿಯಲ್ಲಿ ನಾಲ್ಕು ಸಲ ಹಾದು ಹೋದ ಇವರನ್ನು ಒಬ್ಬ ಮುದುಕ ಹೋಟೆಲಿನವರು ಗಮನಿಸುತ್ತಿದ್ದರಂತೆ. ಇಷ್ಟು ದೂರದಿಂದ ಬಂದವರು, ಜೊತೆಯಲ್ಲಿ ವಯಸ್ಸಾದ ತಾಯಿ, ಮೀನಿಗಾಗಿ ಬೆಳಗಿನಿಂದ ಊರೆಲ್ಲ ಅಲೆಯುತ್ತಿದ್ದಾರೆ ಎಂದು ಅವರ ಕರುಳು ಚುರುಕ್ ಅಂದಿತು. ಮೂವರನ್ನೂ ಒಳಗೆ ಕರೆದು ಕೂರಿಸಿ, ಸ್ವಂತ ಮನೆಗೆ ಹೇಳಿಕಳಿಸಿ, ಮನೆಯವರ ಊಟಕ್ಕೆ ಇಟ್ಟಿದ್ದ ಹುರಿದ ಮೀನನ್ನು ತರಿಸಿ, ತಾಯಿಯ ಎಲೆಗೆ ತಾವೇ ಬಡಿಸಿದರು.

"ಆಮ್ಯಾಲ?" ಅಂತ ಮರಳಿ ಬಂದ ಕಂಪೌಂಡರರನ್ನು ಕೇಳಿದೆ.

"ಆಮ್ಯಾಲೇನ್ರಿ, ಅವ್ವ ಎದ್ದು ಓಡಿದ್ಲು. ಹತ್ತ ವರ್ಷದಿಂದ ಮೊಣಕಾಲ ನೋವು ಅಂತ ನನ್ನ ಕಡೆ ಗುಳಿಗಿ ಇಸ್ಕೊಂಡಾಕಿ, ಆಕೀನ್ನ ಹಿಡಿಯೂದು ನನಗ ಆಗಲಿಲ್ಲ."

ಸೂಚನೆ ೧೨: ಮಧ್ಯಾಹ್ನ ಊರು ಮಲಗುತ್ತದೆ

ಈ ಸೂಚನೆ ನನ್ನ ಮೂಲ ಪುಸ್ತಕದಲ್ಲಿ ಇರಲಿಲ್ಲ. ರಾಮದುರ್ಗದ ಒಬ್ಬ ಬಟ್ಟೆ ವ್ಯಾಪಾರಿ ಹೋಗಿ ಬಂದ ಮೇಲೆ ಸೇರಿಸಿದೆ. ಮಧ್ಯಾಹ್ನ ಮನೆಯಿಂದ ಬುತ್ತಿ ಬಂದರೆ ಅಂಗಡಿಯ ಹಣದ ಗಲ್ಲೆಯ ಮೇಲೆಯೇ ಕುಳಿತು, ಒಂದು ಕಣ್ಣು ಗಿರಾಕಿಯ ಮೇಲಿಟ್ಟು ಉಣ್ಣುವ ಮನುಷ್ಯ. ಅವರು ಪಣಜಿಯಲ್ಲಿ ಇಳಿದಾಗ ಮಧ್ಯಾಹ್ನ ಒಂದೂ ಮುಕ್ಕಾಲು. ಪೇಟೆಯಲ್ಲಿ ಸಾಲು ಸಾಲು ಅಂಗಡಿ ಮುಚ್ಚಿವೆ. ರಸ್ತೆಯ ಮೇಲೆ ಒಂದು ನಾಯಿ, ಅದೂ ಮಲಗಿದೆ.

ಅವರು ಚೀಲವನ್ನು ಬಗಲಿಗೆ ಅವುಚಿಕೊಂಡರು. ಹಾಡುಹಗಲೇ ಪೇಟೆ ಮುಚ್ಚಿದೆ ಎಂದರೆ ಒಂದೋ ದೊಡ್ಡವರು ಯಾರೋ ತೀರಿಕೊಂಡಿದ್ದಾರೆ, ಇಲ್ಲವೇ ಗಲಾಟೆ ಆಗಿದೆ. ಓಡಿ ನಿಲ್ದಾಣ ಸೇರಿ, ಹೊರಟು ನಿಂತಿದ್ದ ಬೆಳಗಾವಿ ಬಸ್ಸು ಹತ್ತಿಬಿಟ್ಟರು. ಪಣಜಿಯಲ್ಲಿ ಅವರು ಇದ್ದದ್ದು ಇಪ್ಪತ್ತೈದು ನಿಮಿಷ. ಮರುದಿನ ನಮ್ಮ ಮನೆಗೆ ಬಂದು ನೀರು ಕುಡಿದು, "ಮಾಸ್ತರ್ರ, ಗೋವಾದಾಗ ಏನೋ ಆಗೇತಿ, ಯಾರಿಗೂ ಕಾಗದ ಕೊಡಬ್ಯಾಡ್ರಿ" ಅಂದರು.

ನಾನೂ ಅಂಜಿದೆ. ಎರಡು ದಿನ ಪತ್ರಿಕೆಯ ಪ್ರತಿ ಪುಟ ಹುಡುಕಿದೆ. ಏನೂ ಇರಲಿಲ್ಲ. ಕೊನೆಗೆ ಅಲ್ಲಿ ಗೌಂಡಿ ಕೆಲಸ ಮಾಡಿದವನೊಬ್ಬ ಸಿಕ್ಕು, ಅಲ್ಲಿ ಅಂಗಡಿಯವರು ದಿನಾ ಊಟ ಮಾಡಿ ಮಲಗುತ್ತಾರೆ, ಬಿಸಿಲು ಇಳಿದ ಮೇಲೆ ಎದ್ದು ಬಾಗಿಲು ತೆರೆಯುತ್ತಾರೆ ಎಂದು ತಿಳಿಸಿದ. ನಾನೇ ರಾಮದುರ್ಗಕ್ಕೆ ಹೋಗಿ ವ್ಯಾಪಾರಿಗೆ ಈ ಮಾತು ಹೇಳಿದೆ. ಅವರು ಅಳೆಯುತ್ತಿದ್ದ ಬಟ್ಟೆಯನ್ನು ಕೆಳಗಿಟ್ಟರು.

"ದಿನಾ ಮಲಗತಾರ?"

"ದಿನಾ ರೀ."

"ಹಂಗಾರ ಅಲ್ಲಿ ಏನೋ ಆಗೇತಿ ಅಂತ ನಾ ಅಂದದ್ದು ಖರೇನ ಐತಿ."

ಸೂಚನೆ ೧೪: ಚರ್ಚಿನಲ್ಲಿ ಕಾಯಿ ಒಡೆಸುವ ಪದ್ಧತಿ ಇಲ್ಲ

ಸವದತ್ತಿಯಲ್ಲಿ, ದೇವಿಯ ಗುಡ್ಡಕ್ಕೆ ಹೋಗುವ ದಾರಿಯಲ್ಲಿ, ಕಾಯಿ ಕರ್ಪೂರದ ಅಂಗಡಿ ಇಟ್ಟಿರುವ ಒಬ್ಬ ಹೆಂಗಸು ನನಗೆ ದೂರದ ಸಂಬಂಧ. ವಾವೆಯಿಂದ ಅಕ್ಕ ಆಗಬೇಕು. ದೇವರ ಮುಂದೆ ಬರಿಗೈಲಿ ನಿಲ್ಲುವುದನ್ನು ಆಕೆ ಕನಸಿನಲ್ಲೂ ಯೋಚಿಸಿದವರಲ್ಲ. ಪಣಜಿಯಲ್ಲಿ ಎತ್ತರದ ಬಿಳಿ ಚರ್ಚು ಇದೆ, ಮೆಟ್ಟಿಲು ಏರಿ ನೋಡಿರಿ ಎಂದು ನಾನು ಬರೆದಿದ್ದೆ. ಅಕ್ಕ ಅಂಗಡಿಯಿಂದಲೇ ಒಂದು ಒಳ್ಳೆಯ ಕಾಯಿ ಆರಿಸಿಕೊಂಡು ಹೋದರು. ಚಪ್ಪಲಿ ಕೆಳಗೆ ಬಿಟ್ಟು, ಮೆಟ್ಟಿಲೆಲ್ಲ ಏರಿ, ಒಳಗಿದ್ದ ಪಾದ್ರಿಯವರ ಕೈಗೆ ಕಾಯಿ ಕೊಟ್ಟರು. ಪಾದ್ರಿಯವರು ಸಂತೋಷದಿಂದ ತೆಗೆದುಕೊಂಡು ನಮಸ್ಕಾರ ಮಾಡಿದರು.

ಅಕ್ಕ ನಿಂತೇ ಇದ್ದರು. ಒಡೆದು ಅರ್ಧ ಹೋಳು ಮರಳಿ ಕೊಡಬೇಕಲ್ಲ! ಪಾದ್ರಿಯವರು ಮತ್ತೊಮ್ಮೆ ನಮಸ್ಕಾರ ಮಾಡಿದರು. ಅಕ್ಕ ಕದಲಲಿಲ್ಲ. ಆಕೆಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಗುಡ್ಡಕ್ಕೆ ಬರುವ ಭಕ್ತರ ಜೊತೆ ಮಾತಾಡಿ ಕಲಿತದ್ದು. ಒಡೆದು ಕೊಡಿರಿ ಎಂದು ಹೇಳಿದರು. ಪಾದ್ರಿಯವರು ತುಸು ಯೋಚಿಸಿ ಕಾಯಿ ತೆಗೆದುಕೊಂಡು ಒಳಗೆ ಹೋದರು. ಇಪ್ಪತ್ತು ನಿಮಿಷವಾಯಿತು.

ಇದನ್ನು ಕೇಳುತ್ತಿದ್ದ ನಾನು ನಡುವೆಯೇ, "ಸಿಟ್ಟ ಆದರೇನಕ್ಕ?" ಎಂದೆ.

"ಸಿಟ್ಟ ಯಾಕ ಆಗತಾರೋ? ಅಡಿಗಿಯಾಕಿ ಕಡೆ ಕೊಟ್ಟು ಒಡಿಸಿ, ಪೂರಾ ತುರಿಸಿ, ಡಬ್ಬಿಗೆ ಹಾಕಿ, ಮುಚ್ಚಳಾ ಮುಚ್ಚಿ ಕೊಟ್ರು. ನಲವತ್ತ ವರ್ಷ ಗುಡ್ಡದ ದಾರ್ಯಾಗ ಕುಂತೇನಿ, ಪ್ರಸಾದ ತುರದ ಕೊಡೂ ದೇವರನ್ನ ನಾ ಇದ ಮೊದಲ ನೋಡಿದ್ದು!"

ಸೂಚನೆ ೧೬: ಸಂಖ್ಯೆಯ ಪ್ರಕಾರ ನೋಡಬೇಕಾಗಿಲ್ಲ

ನಿವೃತ್ತ ಮುಖ್ಯಾಧ್ಯಾಪಕರೊಬ್ಬರು ಒಂದರಿಂದ ಹದಿನೈದರವರೆಗೆ ನನ್ನ ಸೂಚನೆಗಳ ಕ್ರಮ ತಪ್ಪದೆ ಊರು ನೋಡಿದರು. ನಾನು ಸೂಚನೆಗಳನ್ನು ಬರೆದದ್ದು ಜನ ಹೇಳಿದ ಕ್ರಮದಲ್ಲಿ. ಊರಿನ ಆ ತುದಿಯಿಂದ ಈ ತುದಿಗೆ ಅವರು ಏಳು ಸಲ ಓಡಾಡಿದರು. ಕಾಲು ಬಾತಿತ್ತು. ಕ್ಷಮೆ ಕೇಳಿದೆ. ಅವರು ಗಂಭೀರವಾಗಿ, "ಒಂಬತ್ತರಿಂದ ಹತ್ತಕ್ಕ ಹೋಗೂಮುಂದ ಹನ್ನೊಂದು ಎದುರಿಗೇ ಬಂತು. ನಾ ಅತ್ತಾಗ ನೋಡಲೇ ಇಲ್ಲ ತಗೋರಿ" ಅಂದರು.

ಸೂಚನೆ ೧೭: ಹಡಗು

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷವಾಗಿತ್ತು. ಒಂದು ಬೆಳಿಗ್ಗೆ ಹೂಲಿಯಿಂದ ನನ್ನ ಅತ್ತೆ, ಅಂದರೆ ಹೆಂಡತಿಯ ತಾಯಿ, ಕೈಚೀಲ ಹಿಡಿದು ಬಂದರು. ನಾನು ಪಣಜಿ ನೋಡಿಲ್ಲ ಎಂಬುದು ಇಡೀ ಸೀಮೆಯಲ್ಲಿ ಅವರೊಬ್ಬರಿಗೇ ಗೊತ್ತು.

"ಅಳ್ಯಾರ, ಕಂಡ ಕಂಡವರಿಗೆಲ್ಲ ದಾರಿ ಬರಕೊಡತೀರಂತ. ನಾ ಬಾಯಿ ಬಿಟ್ಟರ ನಿಮ್ಮ ಮರ್ಯಾದಿ ಏನಾಗತೈತಿ? ಸುಮ್ಮನ ನನ್ನ ಕರಕೊಂಡ ನಡೀರಿ."

"ಘಾಟಿನಾಗ ವಾಂತಿ ಆಗತೈತ್ರಿ, ಅತ್ತಿ."

"ಆದ್ರ ಆಗವಲ್ದ್ಯಾಕ. ಬಸ್ಸಿಗೆ ಖಿಡಕಿ ಇರತಾವು."

"ಭಾಳ ಬಿಸಲು ರೀ ಅಲ್ಲಿ."

"ಹೂಲ್ಯಾಗ ನಾ ಏನ ಮಂಜಿನಾಗ ಕುಂತೇನೇನು?"

ನಾನು ಮೂರನೆಯ ಕಾರಣ ಹುಡುಕುತ್ತಿದ್ದೆ. ಅತ್ತೆಯ ದನಿ ತಗ್ಗಿತು. "ಆಕಿ ಕೂಡ ಮಾಡೂ ಕೆಲಸ ಒಂದರ ಉಳೀಲಿ ಅಂತ ಹಿಡಕೊಂಡ ಕುಂತೀರಿ. ನನಗ ತಿಳಿಯೂದಿಲ್ಲೇನು? ಆದ್ರ ನನಗ ಎಪ್ಪತ್ತಮೂರು. ನನ್ನ ಮಗಳು ನೋಡಬೇಕಂದದ್ದನ್ನ ನಾನರ ನೋಡಬ್ಯಾಡೇನು?"

ಹೊರಟೆವು. ಹಿಂದಿನ ದಿನವೇ ಮರಳುವ ಬಸ್ಸಿಗೆ ಜಾಗ ಕಾಯ್ದಿರಿಸಿದೆ: ಸಂಜೆ ಐದೂವರೆ. ಘಾಟಿನಲ್ಲಿ ವಾಂತಿ ಆದದ್ದು ನನಗೆ. ಅತ್ತೆ ಲಿಂಬೆಹಣ್ಣು ಕೊಟ್ಟರು.

ಪಣಜಿಯ ನಿಲ್ದಾಣದಲ್ಲಿ ಇಳಿದು ಹಾಳೆ ಬಿಚ್ಚಿದೆ. 'ಹೊರಗೆ ಬಂದು ಬಲಕ್ಕೆ ತಿರುಗಿರಿ' ಎಂದು ನಾನೇ ಬರೆದಿದ್ದೆ. ಹೊರಗೆ ಬರಲು ಎರಡು ಬಾಗಿಲುಗಳಿದ್ದವು. ಹಾಳೆಯನ್ನು ಅತ್ತ ಇತ್ತ ತಿರುಗಿಸುತ್ತ ನಿಂತೆ. ಎಷ್ಟೋ ಮನೆತನಗಳನ್ನು ಈ ಹಾಳೆಯ ಮೇಲೆ ಕಳಿಸಿದ್ದೆ ಎಂಬುದು ನೆನಪಾಯಿತು.

ಪಕ್ಕದ ಚಹಾದ ಗಾಡಿಯವನು ನಮ್ಮ ಮಾತು ಕೇಳಿ, "ಯಾವೂರವರ್ರಿ?" ಎಂದ. ರಾಮದುರ್ಗದ ಹತ್ತಿರದ ತೊರಗಲ್ಲಿನವನಂತೆ, ಇಲ್ಲಿಗೆ ಬಂದು ಬಹಳ ವರ್ಷವಾಗಿತ್ತು. ಬೈಲಹೊಂಗಲ ಅಂದೆವು.

"ಹಂಗಾರ ಇದನ್ನ ತಗೋರ್ರಿ," ಎಂದು ಬಿಸ್ಕಿಟ್ ಡಬ್ಬಿಯ ಅಡಿಯಿಂದ ಒಂದು ಹಾಳೆ ತೆಗೆದು ಕೊಟ್ಟ. ಎಣ್ಣೆ ಹತ್ತಿದ ಝರಾಕ್ಸ್ ಪ್ರತಿ. ಅಕ್ಷರ ನನ್ನವು. "ನಮ್ಮ ಕಡೆಯವರು ಯಾರೋ ಬಿಟ್ಟು ಹೋಗಿದ್ರು. ಬಂದವರಿಗೆ ಕೊಡಾಕ ಝರಾಕ್ಸ್ ಮಾಡಿಸಿ ಇಟ್ಟೇನಿ. ಯಾರೋ ಮಾಸ್ತರ ಬರದದ್ದಂತ."

"ಆ ಮಾಸ್ತರ ಎಂಥಾ ಮನಶ್ಯಾ ಇರಬೇಕಪಾ?" ಅತ್ತೆ ಬಹಳ ಅಮಾಯಕರಾಗಿ ಕೇಳಿದರು.

"ಶಾಣ್ಯಾ ಅದಾನ್ರಿ ಯಮ್ಮಾ. ಆದ್ರ ಭಾಳ ಅಂಜುಬುರಕ. ಹದಿನಾರು ಬರದಾನ, ಓದಿ ನೋಡ್ರಿ: ಅದನ್ನ ತಿನಬ್ಯಾಡ್ರಿ, ಇಲ್ಲಿ ಇಳಿಬ್ಯಾಡ್ರಿ, ಅಲ್ಲಿ ನಿಂದರಬ್ಯಾಡ್ರಿ. ಹೊಳಿ ದಂಡಿ ಮ್ಯಾಲಿನ ಊರಿಗೆ ಬಂದು ಹೊಳಿ ಬಗ್ಗೆ ಬರದದ್ದು ಒಂದ ಮಾತು, 'ಹತ್ತಿರ ಹೋಗಬೇಡಿರಿ' ಅಂತ. ಹೆಂಡ್ತಿ ಹೆಂಗ ಬಾಳೇ ಮಾಡ್ಯಾಳೋ ಏನೋ!"

ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡರು. ಅಳುತ್ತಿದ್ದಾರೆ ಎಂದು ನಾನು ಗಾಬರಿಯಾದೆ. ಅವರು ನಗುತ್ತಿದ್ದರು. ಕಣ್ಣಲ್ಲಿ ನೀರು ಬರುವ ತನಕ ನಕ್ಕು, "ಚೊಲೋತ್ನಾಗ ಮಾಡ್ಯಾಳಪಾ," ಎಂದರು. ಆಮೇಲೆ, "ಅದೆಲ್ಲ ಇರಲಿ, ಇಲ್ಲಿ ಏನ ಮಾಡಬೇಕು ಅದನ್ನ ಹೇಳು."

"ಹಡಗ ಹತ್ರಿ. ಹೊಳಿ ಆಚೀಕ ಹೋಗತೈತಿ, ಈಚೀಕ ಬರತೈತಿ. ನಡಕೋತ ಹತ್ತೂ ಮಂದಿಗೆ ಟಿಕೀಟ ಸುದ್ದಾ ಇಲ್ಲ."

ಹಡಗೆಂದರೆ ಜನ, ಸೈಕಲ್ಲು, ಮೋಟಾರುಗಳನ್ನು ಒಟ್ಟಿಗೆ ಹೊತ್ತು ದಾಟಿಸುವ ಕಬ್ಬಿಣದ ದೊಡ್ಡ ಅಟ್ಟಣಿಗೆ. ಅತ್ತೆ ನನ್ನ ತೋಳು ಹಿಡಿದು ಹತ್ತಿದರು. ಹೊಳೆಯ ನಡುವೆ ಬಂದಾಗ ಗಾಳಿ ಬೀಸಿ ಅವರ ಸೆರಗು ಜಾರಿತು, ಸರಿಪಡಿಸಿಕೊಳ್ಳಲಿಲ್ಲ. ಆಚೆಯ ದಂಡೆ ಬಂತು. ಎಲ್ಲರೂ ಇಳಿದರು. ನಾನೂ ಎದ್ದೆ.

"ಅತ್ತಿ, ಇಳೀಬೇಕು."

"ಯಾರರ ಇಳೀ ಅಂದಾರೇನು?"

"ಇಲ್ಲ ರೀ. ಆದ್ರ ಐದೂವರಿಗೆ ಬಸ್ಸೈತಿ. ನಿಲ್ದಾಣ ಆ ದಂಡಿಗೆ ಐತಿ. ಒಂದ ತಾಸು ಮೊದಲ..."

"ಕುಂದರ್ರಿ, ಅಳ್ಯಾರ."

ಕುಳಿತೆ. ಹಡಗು ಮತ್ತೆ ಹೊರಟಿತು.

ಸೂರ್ಯ ಮುಳುಗುವ ಹೊತ್ತಿಗೆ ನಾವು ಆ ಹೊಳೆಯನ್ನು ಹನ್ನೊಂದು ಸಲ ದಾಟಿದ್ದೆವು.