ನೆಪ್ಪು ಬರಲಿ ಅಂತ ತಾತ ನಡೆದದ್ದು

ನಮ್ಮ ಮನೇಲಿ ಒಂದು ಒಳ್ಳೇ ಕೆಲಸ ಸೀದಾ ನಡೆದದ್ದು ನಾನು ಕಂಡಿಲ್ಲ. ಅರ್ಧ ತಪ್ಪು ನನ್ನದೇ ಅಂತಾರೆ. ಉಳಿದರ್ಧ ಯಾರದು ಅಂತ ಓದಿ ನೀವೇ ಹೇಳಿ.

ಒಂದೇ ಚೀಟಿ

ನಾವು ರಾವಂದೂರು ಕಡೆಯವರು, ತಂಬಾಕು ಬೆಳೀತೀವಿ. ಸೊಪ್ಪು ಕಿತ್ತ ಮೇಲೆ ಬ್ಯಾರನ್ ಅನ್ನೋ ಎತ್ತರದ ಮನೆಯೊಳಗೆ ನೇತುಹಾಕಿ, ಬೆಂಕಿ ಇಟ್ಟು, ಐದಾರು ದಿನ ಹದವಾಗಿ ಬೇಯಿಸಬೇಕು. ಮೂವತ್ತು ವರ್ಷದಿಂದ ಆ ಬೆಂಕಿ ಮುಂದೆ ಕೂರೋನು ನಮ್ಮ ತಾತ. ಹೋದ ವರ್ಷ ಸೌದೆ ಹಾಕೋದು ಮರೆತು ಒಂದು ಬ್ಯಾರನ್ ಸೊಪ್ಪು ಪೂರ್ತಿ ಕೆಟ್ಟುಹೋಯ್ತು.

"ಈ ಸಲ ನೀನ್ ಬ್ಯಾಡ ಬುಡಪ್ಪ, ಆಳು ಇಡ್ತೀನಿ" ಅಂದ ನಮ್ಮಪ್ಪ.

ತಾತ ಎರಡು ದಿನ ಮುದ್ದೆ ಮುಟ್ಟಲಿಲ್ಲ. ಕೊನೆಗೆ ಅಪ್ಪನೇ ಮೆತ್ತಗಾಗಿ, "ಮೊದಲ್ನೇ ಬ್ಯಾರನ್ ತುಂಬಾಕೆ ಇನ್ನೂ ಎರಡು ತಿಂಗ್ಳದೆ. ಅಷ್ಟ್ರೊಳಗೆ ನೆಪ್ಪು ಸರೋದ್ರೆ ನೀನೇ ಕೂತ್ಕ" ಅಂದು, ನನ್ನ ಜೊತೆ ಮಾಡಿ ಪಿರಿಯಾಪಟ್ಟಣದ ಡಾಕ್ಟರ ಹತ್ತಿರ ಕಳಿಸಿದ.

ಡಾಕ್ಟರು ಎಲ್ಲಾ ನೋಡಿ, "ದಿನಾ ಅರ್ಧ ಗಂಟೆ ಬಿರುಸಾಗಿ ನಡೀರಿ ಯಜಮಾನ್ರೆ. ಮೆದುಳಿಗೆ ರಕ್ತ ಚೆನ್ನಾಗಿ ಹೋಗುತ್ತೆ, ನೆನಪಿಗೆ ಒಳ್ಳೇದು. ಎಷ್ಟು ಬಿರುಸು ಅಂದ್ರೆ, ನಡೀತಾ ಮಾತಾಡೋಕೆ ಆಗ್ಬೇಕು, ಹಾಡೋಕೆ ಆಗ್ಬಾರ್ದು" ಅಂದರು.

"ಈ ವಯಸ್ನಲ್ಲಿ ನಡುದ್ರೆ ಉಪಯೋಗ ಆಯ್ತದಾ ಸ್ವಾಮಿ?"

"ಮುದುಕರಿಗೂ ಆಗುತ್ತೆ, ಹುಡುಗರಿಗೂ ಆಗುತ್ತೆ" ಅಂದು ನನ್ನ ಕಡೆ ತಿರುಗಿದರು. "ನೀನೇನು ಓದ್ತಿದೀಯಾ?"

"ಹತ್ತಕ್ಕೇ ಬುಟ್ಬುಟ್ಟೆ ಸಾರ್. ಓದಿದ್ದು ತಲೇಲಿ ನಿಲ್ತಿರ್ನಿಲ್ಲ."

"ಹಾಗಾದ್ರೆ ನೀನೂ ನಡಿ."

ಬಸ್ಸಲ್ಲಿ ತಾತ ಖುಷಿಯಾಗಿದ್ದ. "ಒಂದೇ ಚೀಟೀಲಿ ಇಬ್ರುಗೂ ಬರ್ದ್ಬುಟ್ಟ ಕಣ್ಲಾ ಪುಣ್ಯಾತ್ಮ."

ಬೈಕ್ ಮೇಲಿನ ನಡಿಗೆ

ಮೊದಲ ದಿನ ತಾತ ಪಂಚೆ ಎತ್ತಿಕಟ್ಟಿ ಹೊರಟ. ಊರು ದಾಟೋದರೊಳಗೆ ಒಂದು ಬೈಕು ನಿಂತಿತು. "ಬನ್ನಿ ಗೌಡ್ರೆ, ಕೂತ್ಕಳಿ."

ನಮ್ಮ ಕಡೆ ಹಿರಿಯರು ನಡೆದು ಹೋಗ್ತಿದ್ದರೆ ಹತ್ತಿಸಿಕೊಳ್ಳದೆ ಹೋಗೋನು ಅಯೋಗ್ಯ, ಕರೆದರೂ ಹತ್ತದೆ ಇರೋನು ದುರಹಂಕಾರಿ. ತಾತ ಹತ್ತಿಬಿಟ್ಟ. ನಾನು ಬೆವರು ಸುರಿಸಿಕೊಂಡು ರಾವಂದೂರು ಮುಟ್ಟೋ ಹೊತ್ತಿಗೆ ಟೀ ಕುಡೀತಾ ಕೂತಿದ್ದ. "ಏನ್ಲಾ ಇಷ್ಟೊತ್ತು? ನಾನು ಬಂದು ಆಗ್ಲೇ ಕಾಲ್ಗಂಟೆ ಆಯ್ತು."

ಮೂರು ದಿನ ಹಿಂಗೇ. ಮರೆವು ತಾತನದು, ಸವೆದಿದ್ದು ನನ್ನ ಚಪ್ಪಲಿ. ನಾಲ್ಕನೇ ದಿನ ಒಂದು ರಟ್ಟಿನ ಮೇಲೆ 'ಹತ್ತಿಸ್ಕಬೇಡಿ, ಡಾಕ್ಟ್ರು ಬೈತಾರೆ' ಅಂತ ದಪ್ಪಕ್ಕೆ ಬರೆದು, ತಾತನ ಬೆನ್ನ ಮೇಲಿನ ಟವೆಲ್ಲಿಗೆ ಪಿನ್ ಚುಚ್ಚಿದೆ. ಒಂದು ಬೈಕೂ ನಿಲ್ಲಲಿಲ್ಲ. ಹೋಗೋರೆಲ್ಲ ಹಲ್ಲು ಬಿಟ್ಟುಕೊಂಡು ಹೋದರು.

"ಜನುಕ್ಕೆ ದೊಡ್ಡೋರು ಅನ್ನೋ ಗ್ಯಾನ್ವೇ ಹೋಯ್ತು ಕಣ್ಲಾ" ಅಂತ ತಾತ ದಾರಿಯುದ್ದಕ್ಕೂ ನೊಂದುಕೊಂಡ.

ಮನೇಲಿ ಟವೆಲ್ ಕೊಡವಿದಾಗ ರಟ್ಟು ಕೆಳಗೆ ಬಿತ್ತು. ತಾತ ಅದನ್ನ ಎರಡು ಸಲ ಓದಿ ಮೂಲೆಯಲ್ಲಿದ್ದ ಕೋಲು ತಗೊಂಡ. ಅವತ್ತು ಇಬ್ಬರಿಗೂ ಇನ್ನರ್ಧ ಗಂಟೆ ಜಾಸ್ತಿ ವ್ಯಾಯಾಮ ಆಯ್ತು.

ಹಾಡಿನ ಪರೀಕ್ಷೆ

ಹಾಡೋಕೆ ಆಗಬಾರದು ಅಂದಿದ್ದರಲ್ಲ ಡಾಕ್ಟರು, ಆಗ್ತದೋ ಇಲ್ಲವೋ ಹಾಡದೆ ಗೊತ್ತಾಗೋದು ಹೆಂಗೆ? ತಾತ ಬೆಳಬೆಳಿಗ್ಗೆ ರಸ್ತೇಲಿ ಗಂಟಲು ಬಿಟ್ಟು ಹಾಡೋಕೆ ಶುರು ಮಾಡಿದ. ನಾಟಿ ಮಾಡ್ತಿದ್ದ ಹೆಂಗಸರು ಸೊಂಟ ನೆಟ್ಟಗೆ ಮಾಡಿ ನೋಡಿದರು. ಒಬ್ಬಳು ನನ್ನ ಕರೆದು, "ಮರೆವು ಅಂದಿದ್ರಿ, ಇದ್ಯಾವಾಗಿಂದ ಮಗ?" ಅಂತ ಮೆಲ್ಲಗೆ ಕೇಳಿದಳು.

ಹಾಡು ಸಲೀಸಾಗಿ ಬರ್ತಿತ್ತು. ಅಂದ್ರೆ ಬಿರುಸು ಸಾಲದು. ತಾತ ಇನ್ನೂ ಜೋರಾಗಿ ಕಾಲು ಹಾಕಿದ, ಹಾಡು ಆಗಲೂ ನಿಲ್ಲಲಿಲ್ಲ. ನನಗೆ ಹಾಡೋದಿರಲಿ, "ನಿಲ್ಲು ತಾತ" ಅನ್ನೋಕೂ ಉಸಿರಿರಲಿಲ್ಲ.

ತಾತ ತಿರುಗಿ ನೋಡಿ ತಲೆ ಆಡಿಸಿದ. "ಔಷ್ದಿ ನಿನ್ಗೆ ಸರ್ಯಾಗ್ ಹತ್ಕಂಡದೆ."

ಎಲ್ಲಿಗೆ ಹೊರಟ್ರಿ?

ದಾರೀಲಿ ಸಿಕ್ಕೋರೆಲ್ಲ ಕೇಳೋ ಮಾತು ಇದೊಂದೇ. "ಸುಮ್ನೆ ನಡೀತಿದೀನಿ" ಅನ್ನೋಕೆ ತಾತನಿಗೆ ನಾಚಿಕೆ. ಕೆಲಸ ಇಲ್ಲದೆ ನಡೆಯೋನು ಎಂಥ ರೈತ? ಅದಕ್ಕೇ ಕೇಳಿದವರ ಕಸುಬಿಗೆ ತಕ್ಕಂತೆ ಉತ್ತರ ಕೊಡ್ತಿದ್ದ. ಎತ್ತಿನ ದಲ್ಲಾಳಿ ಕೇಳಿದರೆ ಎತ್ತು ನೋಡೋಕೆ, ಬೋರ್‌ವೆಲ್ ಪಾಯಿಂಟ್ ನೋಡೋನು ಕೇಳಿದರೆ ಬೋರ್ ವಿಚಾರಕ್ಕೆ, ಶಾಮಿಯಾನದವನು ಕೇಳಿದರೆ ಊರೂಟಕ್ಕೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ? ಮೂವರಿಗೂ, "ಭಾನುವಾರ ಬೆಳಿಗ್ಗೆ ತಾತ ಮನೆ ಹತ್ರ ಬರಾಕೇಳವ್ನೆ" ಅಂತ ಹೇಳಿ ಬಂದೆ.

ಬಂದರು. ದಲ್ಲಾಳಿ ಜೋಡಿ ಎತ್ತು ಹಿಡಿದು, ಪಾಯಿಂಟ್‌ನವನು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು, ಶಾಮಿಯಾನದವನು ಆಟೋ ತುಂಬ ಗಳ ತುಂಬಿಕೊಂಡು. ಜಗಲಿ ಮೇಲೆ ಅಪ್ಪ ಕೂತಿದ್ದ. ಎರಡು ತಿಂಗಳು ಮುಗಿದು, ಮಾರನೇ ದಿನವೇ ಬ್ಯಾರನ್ ತುಂಬೋದು ಅನ್ನೋದು ನನಗೆ ಹೊಳೆದದ್ದು ಆಗಲೇ. ತಾತ ಈಗ 'ಯಾರಪ್ಪ ನೀವೆಲ್ಲ?' ಅಂದರೆ ಮುಗೀತು.

ತಾತ ಹೊರಗೆ ಬಂದು ಮೂವರನ್ನೂ ನೋಡಿದ.

"ನೀನು ಸೋಮವಾರ ಕೆರೆ ಏರಿ ಮೇಲೆ ಸಿಕ್ಕಿದ್ದೆ. ಆರು ಹಲ್ಲಿನ ಜೋಡಿ ಅಂದೆ, ಇವು ಎಂಟೂ ಹಲ್ಲು ಬಂದು ಬಾಯಿಗೂಡಿರೋ ಎತ್ತು, ಹೊಡ್ಕಂಡೋಗು. ನಿನ್ಗೆ ಬೋರ್ ವಿಚಾರ ಯೋಚ್ನೆ ಮಾಡ್ತೀನಿ ಅಂದಿದ್ದೆ, ಇನ್ನೂ ಯೋಚ್ನೇಲೇ ಇವ್ನಿ. ನಿನ್ಗೆ, ಮೊಮ್ಮಗ ಪಾಸಾದ್ರೆ ಊರೂಟ ಅಂದಿದ್ದೆ. ಇವ್ನ ನಂಬ್ಕಂಡು ಗಳ ತಂದಿದೀಯಲ್ಲ, ನೀನೂ ದಿನಾ ನಡಿ."

ಬಿರುಸಾಗಿ ನಡೆದು ನೆಪ್ಪು ಬಂತೋ, ಹೇಳಿದ ಸುಳ್ಳು ನೆಪ್ಪಿಟ್ಟುಕೊಳ್ಳೋಕೆ ಹೋಗಿ ಬಂತೋ, ಡಾಕ್ಟರೇ ಹೇಳಬೇಕು. ಮೂವರೂ ಹೋದ ಮೇಲೆ ಅಪ್ಪ ಇನ್ನೂ ಅನುಮಾನದಲ್ಲೇ, "ಇದು ಮೊನ್ನೆ ಮೊನ್ನೇದು. ಹಳೇದೂ ನೆಪ್ಪದಾ?" ಅಂದ.

"ಯಾಕಿಲ್ಲ? ನಿನ್ ಮದ್ವೆ ಆದ್ ವರ್ಷ ಒಂದ್ ರಾತ್ರಿ ನಿನ್ಗೊಪ್ಸಿದ್ ಬ್ಯಾರನ್ ಬೆಂಕಿ ಬುಟ್ಟು ನೀನು ಸರಗೂರಿಗೆ ಯಾರ್ನ ನೋಡಾಕೋಗಿದ್ದೆ ಅಂತ್ಲೂ ನೆಪ್ಪದೆ. ಹೇಳ್ಲಾ?"

ಅಡುಗೆ ಮನೇಲಿ ಮುದ್ದೆ ತಿರುವೋ ಸದ್ದು ನಿಂತುಹೋಯ್ತು.

"ಬ್ಯಾಡ ಬುಡಪ್ಪ" ಅಂದ ಅಪ್ಪ, ಎದ್ದು ನಿಂತೇ ಬಿಟ್ಟ. "ಬ್ಯಾರನ್ ನೀನೇ ನೋಡ್ಕ. ಆಳುಗೆ ಬ್ಯಾಡ ಅಂತೀನಿ."

ಅಮ್ಮ ಮುದ್ದೆ ಕೋಲು ಹಿಡಿದೇ ಬಾಗಿಲಿಗೆ ಬಂದಳು. "ಯಾರ್ನ ನೋಡಾಕೋಗಿದ್ರು ಮಾವ?"

ತಾತ ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಂಡ. "ವಯಸ್ಸಾಯ್ತಲ್ಲವ್ವ, ಒಂದೂ ನೆಪ್ಪಿರದಿಲ್ಲ."